ನಂಬಿಕೆಯ ಸೇವೆಗೆ ಅಳತೆಗೋಲು ಯಾರದು?

ಒಂದು ಕ್ರೈಸ್ತ ಸಭೆಯ ಹತ್ತಿಪ್ಪತ್ತು ಮಂದಿ ಒಂದೆರಡು ವಾರದ ಮಟ್ಟಿಗೆ ಬೇರೆ ದೇಶದ ಬಡ ಊರಿಗೆ ಹೋಗಿ ಮನೆ ಕಟ್ಟುವುದು, ಶಾಲೆಗೆ ಬಣ್ಣ ಬಳಿಯುವುದು, ವೈದ್ಯಕೀಯ ಶಿಬಿರ ನಡೆಸುವುದು, ಮಕ್ಕಳಿಗೆ ಬೈಬಲ್ ಕತೆ ಹೇಳುವುದು ಮೊದಲಾದ ಕೆಲಸ ಮಾಡಿ ಹಿಂದಿರುಗುವುದನ್ನು ಮಿಷನ್ ಪ್ರವಾಸ ಎನ್ನುತ್ತಾರೆ. ಇದು ಮುಖ್ಯವಾಗಿ ಅಮೆರಿಕದ ಪ್ರೊಟೆಸ್ಟೆಂಟ್ ಸಭೆಗಳಲ್ಲಿ ಬೆಳೆದ ಪದ್ಧತಿ. ಬೇರು ಬಿಟ್ಟದ್ದು ಎರಡನೇ ಮಹಾಯುದ್ಧದ ನಂತರ. ವಿಮಾನಯಾನ ಅಗ್ಗವಾಗತೊಡಗಿದ ಕಾಲದಲ್ಲಿ, 1957ರಲ್ಲಿ, ಜಾರ್ಜ್ ವರ್ವರ್ ಎಂಬ ವಿದ್ಯಾರ್ಥಿ ಇಬ್ಬರು ಗೆಳೆಯರೊಂದಿಗೆ ಮೆಕ್ಸಿಕೊಗೆ ಹೋಗಿ ಬಂದದ್ದು ಮುಂದೆ ಆಪರೇಷನ್ ಮೊಬಿಲೈಸೇಷನ್ ಎಂಬ ಸಂಸ್ಥೆಯಾಯಿತು. 1960ರಲ್ಲಿ ಲೋರೆನ್ ಕನಿಂಗ್‌ಹ್ಯಾಮ್ ಯೂತ್ ವಿತ್ ಎ ಮಿಷನ್ ಸಂಸ್ಥೆಯನ್ನು ಸ್ಥಾಪಿಸಿದರು. ಜೀವಮಾನವಿಡೀ ಒಂದೇ ಸೀಮೆಯಲ್ಲಿ ನೆಲೆಸುವ ಮಿಷನರಿಯ ಜಾಗಕ್ಕೆ ಬೇಸಿಗೆ ರಜೆಯಲ್ಲಿ ಹೋಗಿ ಬರುವ ಯುವಜನರು ಬಂದರು. ಈ ಶತಮಾನದ ಮೊದಲ ದಶಕದ ಹೊತ್ತಿಗೆ ಅಮೆರಿಕದ ಸಭೆಗಳಿಂದ ವರ್ಷಕ್ಕೆ ಸುಮಾರು 16 ಲಕ್ಷ ಜನ ಹೀಗೆ ಹೊರದೇಶಗಳಿಗೆ ಹೋಗುತ್ತಿದ್ದರೆಂದು ಪ್ರಿನ್ಸ್‌ಟನ್ನಿನ ಸಮಾಜಶಾಸ್ತ್ರಜ್ಞ ರಾಬರ್ಟ್ ವುತ್‌ನೋ ಅಂದಾಜು ಮಾಡಿದ್ದಾರೆ. ಮೆಕ್ಸಿಕೊ, ಹೊಂಡುರಾಸ್, ಹೈಟಿ, ಕೀನ್ಯಾ, ಉಗಾಂಡ ಹೀಗೆ ಬಡ ದೇಶಗಳೇ ಹೆಚ್ಚಾಗಿ ಈ ಪ್ರವಾಸಗಳ ಗುರಿ.

ಈ ಪ್ರವಾಸಗಳನ್ನು ಸಮರ್ಥಿಸುವವರು ಸಾಮಾನ್ಯವಾಗಿ ಹೇಳುವ ಮಾತೊಂದಿದೆ: ಇದು ನಂಬಿಕೆ ತನ್ನನ್ನು ತೋರಿಕೊಳ್ಳುವ ಬಗೆ, ಆದ್ದರಿಂದ ಇದನ್ನು ಲಾಭನಷ್ಟದ ಲೆಕ್ಕದಲ್ಲಿ ಅಳೆಯಕೂಡದು. ಮಾತು ಸುಲಭವಾಗಿ ತಳ್ಳಿಹಾಕುವಂಥದ್ದಲ್ಲ. ಅದರ ಹಿಂದೆ ಬೈಬಲ್ಲಿನ ಆಧಾರವಿದೆ, ಹಲವರ ಪ್ರಾಮಾಣಿಕ ಅನುಭವವೂ ಇದೆ. ಅದನ್ನು ಅದರ ಬಲಿಷ್ಠ ರೂಪದಲ್ಲಿಯೇ ಇಡುವುದಾದರೆ ಮೂರು ವಾದಗಳು ಸಿಗುತ್ತವೆ.

1. ಕ್ರಿಯೆಯಿಲ್ಲದ ನಂಬಿಕೆ ಸತ್ತದ್ದು ಎಂಬುದು ಯಾಕೋಬನ ಪತ್ರಿಕೆಯ ಬೋಧನೆ. ಪ್ರಾರ್ಥನೆ ಮಾಡಿ ಸುಮ್ಮನೆ ಕೂರುವವನಿಗಿಂತ ಎದ್ದು ಹೋಗಿ ಇಟ್ಟಿಗೆ ಹೊರುವವನ ನಂಬಿಕೆ ಜೀವಂತವಾದದ್ದು.

2. ದೇವರು ನೋಡುವುದು ಕೊಟ್ಟದ್ದರ ಮೊತ್ತವನ್ನಲ್ಲ, ಕೊಟ್ಟವರ ಹೃದಯವನ್ನು. ದೇವಾಲಯದ ಕಾಣಿಕೆ ಪೆಟ್ಟಿಗೆಗೆ ಎರಡು ಕಾಸು ಹಾಕಿದ ಬಡ ವಿಧವೆಯೇ ಎಲ್ಲರಿಗಿಂತ ಹೆಚ್ಚು ಕೊಟ್ಟಳೆಂದು ಯೇಸು ಹೇಳಿದ ಪ್ರಸಂಗ ಮಾರ್ಕನ ಸುವಾರ್ತೆಯಲ್ಲಿದೆ. ಹಾಗಿರುವಾಗ ಕಟ್ಟಿದ ಗೋಡೆ ನೆಟ್ಟಗಿದೆಯೇ ಎಂದು ಕೇಳುವುದು ಕಾಣಿಕೆಗೆ ಬೆಲೆ ಕಟ್ಟಿದಂತೆ.

3. ಒಂದು ವೇಳೆ ಹೋದ ಊರಿಗೆ ಹೆಚ್ಚು ಪ್ರಯೋಜನವಾಗದಿದ್ದರೂ ಹೋದವರು ಬದಲಾಗಿ ಬರುತ್ತಾರೆ. ಬಡತನವನ್ನು ಕಣ್ಣಾರೆ ಕಂಡ ಹದಿನೆಂಟರ ಹುಡುಗ ಮುಂದೆ ಉದಾರಿಯಾಗುತ್ತಾನೆ, ಸಭೆಗೆ ಆಧಾರವಾಗುತ್ತಾನೆ. ಅದರ ಫಲವನ್ನು ಈಗಲೇ ಎಣಿಸಲಾಗದು.

ಮೊದಲ ವಾದದಿಂದ ಆರಂಭಿಸಬಹುದು. ಯಾಕೋಬನ ಪತ್ರಿಕೆ ಕ್ರಿಯೆ ಬೇಕೆಂದು ಹೇಳಿ ಅಲ್ಲಿಗೇ ನಿಲ್ಲುವುದಿಲ್ಲ. ಯಾವ ಕ್ರಿಯೆ ಎಂಬುದಕ್ಕೆ ಉದಾಹರಣೆಯನ್ನೂ ಕೊಡುತ್ತದೆ. ಬಟ್ಟೆಯಿಲ್ಲದ, ಹೊಟ್ಟೆಗಿಲ್ಲದ ಸಹೋದರನಿಗೆ ಬೆಚ್ಚಗಿರು, ಹೊಟ್ಟೆ ತುಂಬಿಸಿಕೋ ಎಂದು ಹರಸಿ ಕಳಿಸಿ, ದೇಹಕ್ಕೆ ಬೇಕಾದದ್ದನ್ನು ಕೊಡದೆ ಹೋದರೆ ಏನು ಪ್ರಯೋಜನ ಎಂಬುದು ಅಲ್ಲಿನ ಪ್ರಶ್ನೆ. ಕೇಳುತ್ತಿರುವುದು ಪ್ರಯೋಜನವನ್ನೇ. ಹರಸಿದವನ ಮನಸ್ಸು ಕೆಟ್ಟದ್ದಾಗಿತ್ತೆಂದು ಪತ್ರಿಕೆ ಹೇಳುವುದಿಲ್ಲ, ಅವನು ಮನಸಾರೆ ಹರಸಿರಲೂಬಹುದು; ಆದರೆ ಚಳಿಯಲ್ಲಿರುವವನ ಮೈ ಬೆಚ್ಚಗಾಗಲಿಲ್ಲ. ಹಾಗಾದರೆ ನಂಬಿಕೆ ಸತ್ತಿದೆಯೋ ಬದುಕಿದೆಯೋ ಎಂಬುದರ ಪರೀಕ್ಷೆ ನಡೆಯುವುದು ಮಾಡುವವನ ಒಳಗೆ ಅಲ್ಲ, ಪಡೆಯುವವನ ಮೈಮೇಲೆ. ಬರಿಯ ಶುಭನುಡಿಯನ್ನು ಖಂಡಿಸಲು ಬರೆದ ಈ ಮಾತನ್ನು ಫಲವಿಲ್ಲದ ಓಡಾಟದ ಸಮರ್ಥನೆಗೆ ಬಳಸುವುದು ಅದರ ಮೊನೆಯನ್ನೇ ಮುರಿದಂತೆ. ಬಾಯಿಮಾತಿನ ಜಾಗದಲ್ಲಿ ಕೈಕಾಲಿನ ಚಟುವಟಿಕೆ ಬಂದಿದೆ ಎಂಬಷ್ಟಕ್ಕೇ ಸಹೋದರನ ಮೈಮೇಲೆ ಬಟ್ಟೆ ಬರುವುದಿಲ್ಲ.

ಪ್ರೊಟೆಸ್ಟೆಂಟ್ ಪರಂಪರೆಯ ಮೂಲಕ್ಕೆ ಹೋದರೆ ಈ ತರ್ಕ ಇನ್ನೂ ಬಿಗಿಯಾಗುತ್ತದೆ. ಮಾರ್ಟಿನ್ ಲೂಥರ್ 1520ರಲ್ಲಿ ಬರೆದ, ಕ್ರೈಸ್ತನ ಸ್ವಾತಂತ್ರ್ಯ ಕುರಿತ ಕಿರುಗ್ರಂಥದ ವಾದಸರಣಿ ಸ್ಥೂಲವಾಗಿ ಹೀಗಿದೆ: ರಕ್ಷಣೆ ದೇವರ ಕೃಪೆಯಿಂದ, ನಂಬಿಕೆಯ ಮೂಲಕ ಬರುತ್ತದೆ, ಸತ್ಕಾರ್ಯ ಅದನ್ನು ಗಳಿಸಿಕೊಡಲಾರದು. ಹಾಗಾದರೆ ಸತ್ಕಾರ್ಯ ಏಕೆ? ಮಾಡುವವನಿಗೆ ಅದರಿಂದ ಇನ್ನು ಗಳಿಸಬೇಕಾದದ್ದು ಏನೂ ಉಳಿದಿಲ್ಲವಾದ್ದರಿಂದ ಅದು ಪೂರ್ತಿಯಾಗಿ ನೆರೆಯವನಿಗಾಗಿ ಬಿಡುಗಡೆಯಾಗಿದೆ. ಇಲ್ಲಿ ಗಮನಿಸಬೇಕಾದದ್ದು ಕೊನೆಯ ಹೆಜ್ಜೆ. ಕೆಲಸದಿಂದ ಮಾಡುವವನ ಆತ್ಮಕ್ಕೆ ಪುಣ್ಯ ಸೇರುವುದಿದ್ದರೆ, ಕೆಲಸ ಸೋತರೂ ಪುಣ್ಯವಾದರೂ ಉಳಿಯಿತೆಂದು ಹೇಳಬಹುದಿತ್ತು. ಲೂಥರ್ ಆ ದಾರಿಯನ್ನು ಮುಚ್ಚಿದ. ಆತನ ಲೆಕ್ಕದಲ್ಲಿ ಸೇವೆಗೆ ಉಳಿಯುವ ಒಂದೇ ಕಾರಣ ನೆರೆಯವನ ಅಗತ್ಯ. ಆದ್ದರಿಂದ ಉಳಿಯುವ ಒಂದೇ ಅಳತೆಯೂ ಅದೇ. ನಂಬಿಕೆಯ ಸೇವೆಯಾದ್ದರಿಂದ ಫಲದ ಪ್ರಶ್ನೆ ಬೇಡ ಎನ್ನುವವರು ತಮಗೆ ಅರಿವಿಲ್ಲದೆಯೇ ಲೂಥರ್ ಬಿಟ್ಟುಬಂದ ಮನೆಗೆ ಹಿಂಬಾಗಿಲಿನಿಂದ ಮರಳುತ್ತಾರೆ: ಕೆಲಸದ ಬೆಲೆ ಮಾಡಿದವನ ಖಾತೆಯಲ್ಲಿ ಜಮೆಯಾಗುತ್ತದೆ ಎಂಬ ಮನೆಗೆ. ಲೂಥರನ ಪರಂಪರೆಗೇ ಸೇರಿದ ಇವಾಂಜೆಲಿಕಲ್ ಸಭೆಗಳ ಬಾಯಲ್ಲಿ ಈ ವಾದ ಕೇಳಿಬರುವುದು ಕೊಂಚ ವಿಚಿತ್ರವೇ ಸರಿ.

ವಿಧವೆಯ ಕಾಸಿನ ವಾದದಲ್ಲಿ ಎರಡು ಬೇರೆ ಸಂಗತಿಗಳು ಕಲಸಿಹೋಗಿವೆ. ಆ ಪ್ರಸಂಗ ಅಳೆಯುವುದು ಕೊಡುವವರಿಗೆ ಕಾಣಿಕೆ ಎಷ್ಟು ಭಾರವಾಗಿತ್ತು ಎಂಬುದನ್ನು; ಅಲ್ಲಿ ವಿಧವೆ ಹಾಕಿದ್ದು ತನ್ನ ಸ್ವಂತ ಕಾಸು, ತನ್ನ ಇಡೀ ಜೀವನಾಧಾರ. ಮಿಷನ್ ಪ್ರವಾಸದ ಖರ್ಚಿನ ದೊಡ್ಡ ಪಾಲು ಅನೇಕ ವೇಳೆ ನೆಂಟರಿಗೆ, ಸಭೆಯ ಸದಸ್ಯರಿಗೆ ಪತ್ರ ಬರೆದು ಕೂಡಿಸಿದ ದೇಣಿಗೆ. ಇದು ತಪ್ಪಲ್ಲ, ಆದರೆ ಬೇರೆಯವರು ಕೊಟ್ಟ ದುಡ್ಡನ್ನು ಖರ್ಚು ಮಾಡುವವನು ವಿಧವೆಯ ಸ್ಥಾನದಲ್ಲಿಲ್ಲ. ಅವನು ಉಗ್ರಾಣಿಯ ಸ್ಥಾನದಲ್ಲಿದ್ದಾನೆ, ಉಗ್ರಾಣಿಯಿಂದ ಲೆಕ್ಕ ಕೇಳುವ ಸಾಮತಿಗಳು ಸುವಾರ್ತೆಗಳಲ್ಲಿ ಬೇರೆಯೇ ಇವೆ. ಎರಡನೆಯದಾಗಿ, ಕಾಸು ಯಾರ ಕೈಯಿಂದ ಬಂದರೂ ಕಾಸೇ, ಕೊಟ್ಟವರ ಮನಸ್ಸು ಅದರ ಚಲಾವಣೆಯನ್ನು ಬದಲಿಸದು. ಕೆಲಸ ಹಾಗಲ್ಲ. ಅದಕ್ಕೆ ಕೌಶಲ ಬೇಕು. ಗಾರೆ ಕೆಲಸ ಬಾರದವನು ಎಷ್ಟೇ ಪ್ರಾರ್ಥನಾಪೂರ್ವಕವಾಗಿ ಕಟ್ಟಿದರೂ ತೂಕದಗುಂಡು ಬಿಟ್ಟಾಗ ವಾಲಿದ ಗೋಡೆ ವಾಲಿಯೇ ಇರುತ್ತದೆ, ಆ ಗೋಡೆಯ ಕೆಳಗೆ ಮಲಗಬೇಕಾದವರು ಬೇರೆ. ಕಾಣಿಕೆಯ ನ್ಯಾಯವನ್ನು ಕಸುಬಿಗೆ ಅನ್ವಯಿಸಿದಾಗ ಹುಟ್ಟುವ ಗೊಂದಲ ಇದು. ತಮ್ಮೂರಿನ ಸೇತುವೆಯನ್ನು ಒಳ್ಳೆಯ ಮನಸ್ಸಿನ, ಆದರೆ ಎಂಜಿನಿಯರಿಂಗ್ ಓದದ ಯುವಕರಿಂದ ಕಟ್ಟಿಸಲು ಅಮೆರಿಕದ ಯಾವ ಸಭೆಯೂ ಒಪ್ಪದು. ಬಡವರ ಊರಿಗೆ ಮಾತ್ರ ಈ ರಿಯಾಯಿತಿ ಏಕೆ ಎಂಬ ಪ್ರಶ್ನೆಗೆ ಭಕ್ತಿಯ ಉತ್ತರ ಸಿಗುವುದಿಲ್ಲ.

ಮೂರನೆಯ ವಾದ ಸಂಗತಿಗಳ ಮೇಲೆ ನಿಂತದ್ದು, ಅದನ್ನು ಸಂಗತಿಗಳಿಂದಲೇ ಪರಿಶೀಲಿಸಬೇಕು. 1998ರ ಅಕ್ಟೋಬರ್ ಕೊನೆಯಲ್ಲಿ ಮಿಚ್ ಚಂಡಮಾರುತ ಮಧ್ಯ ಅಮೆರಿಕಕ್ಕೆ ಬಡಿಯಿತು. ಹೊಂಡುರಾಸ್ ಮತ್ತು ನಿಕರಾಗುವಾಗಳಲ್ಲಿ ಸಾವಿರಾರು ಜನ ಸತ್ತರು, ಬೆಟ್ಟದ ಬದಿಯ ಊರುಗಳು ಮಣ್ಣಿನಡಿ ಹೋದವು. ಮುಂದಿನ ವರ್ಷಗಳಲ್ಲಿ ಉತ್ತರ ಅಮೆರಿಕದ ಸಭೆಗಳ ತಂಡಗಳು ಸಾಲುಸಾಲಾಗಿ ಬಂದು ಮನೆಗಳನ್ನು ಕಟ್ಟಿದವು. ಅದೇ ಕಾಲಕ್ಕೆ ಹೊಂಡುರಾಸಿನ ಕ್ರೈಸ್ತ ಸಂಸ್ಥೆಗಳೂ ಹೊರಗಿನ ಹಣ ಪಡೆದು ಸ್ಥಳೀಯ ಕೆಲಸಗಾರರಿಂದ ಮನೆಗಳನ್ನು ಕಟ್ಟಿಸಿದವು. ಹೊಂಡುರಾಸಿನಲ್ಲಿ ಹಲವು ವರ್ಷ ನೆಲೆಸಿದ್ದ ಸಮಾಜಶಾಸ್ತ್ರಜ್ಞ ಕರ್ಟ್ ವರ್ ಬೀಕ್ ಎರಡೂ ಬಗೆಯ ಮನೆಗಳನ್ನು ಹೋಲಿಸಿ ನೋಡಿದರು. ಅವರ ಅಧ್ಯಯನ 2006ರಲ್ಲಿ ಪ್ರಕಟವಾಯಿತು. ಪ್ರಯಾಣವೂ ಸೇರಿ ಒಂದು ತಂಡ ಬಂದು ಒಂದು ಮನೆ ಕಟ್ಟಿ ಹೋಗಲು ತಗಲುತ್ತಿದ್ದುದು ಸುಮಾರು 30,000 ಡಾಲರ್. ಸ್ಥಳೀಯ ಸಂಸ್ಥೆ ಕಟ್ಟಿಸಿದ ಮನೆಗೆ ಸುಮಾರು 2,000. ಒಂದರ ದುಡ್ಡಿನಲ್ಲಿ ಹದಿನೈದು. ಹಾಗಿದ್ದರೆ ಪರದೇಶದ ವಿಶ್ವಾಸಿಗಳ ಕೈಯಿಂದ ಮನೆ ಪಡೆದ ಕುಟುಂಬಗಳ ಬದುಕಿನಲ್ಲಿ, ಭಕ್ತಿಯಲ್ಲಿ, ನೆರೆಹೊರೆಯ ಸಂಬಂಧದಲ್ಲಿ ಏನಾದರೂ ಹೆಚ್ಚಿನ ಒಳಿತು ಕಂಡಿತೇ? ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಇನ್ನು ಹೋಗಿ ಬಂದವರ ಬದಲಾವಣೆ: ತಾವು ಬದಲಾಗಿದ್ದೇವೆ, ಹೆಚ್ಚು ಪ್ರಾರ್ಥಿಸುತ್ತೇವೆ, ಹೆಚ್ಚು ಕೊಡುತ್ತೇವೆ ಎಂದು ಹಲವರು ಪ್ರಾಮಾಣಿಕವಾಗಿಯೇ ಹೇಳಿದರು. ಆದರೆ ಹಾಗೆ ಹೇಳಿದ್ದಕ್ಕೂ ದೇಣಿಗೆಯ ದಾಖಲೆ ತೋರಿಸಿದ್ದಕ್ಕೂ ಅಂತರವಿತ್ತು. ಬದಲಾವಣೆ ಇದ್ದರೂ ಅಲ್ಪ, ಅದೂ ಹೆಚ್ಚು ಕಾಲ ಉಳಿದದ್ದಲ್ಲ.

ಒಂದು ಅಧ್ಯಯನದಿಂದ ಎಲ್ಲ ಪ್ರವಾಸಗಳ ತೀರ್ಪು ಮಾಡಲಾಗದು ಎಂಬುದು ನಿಜ. ಆ 30,000 ಡಾಲರನ್ನು ಮನೆಯಲ್ಲೇ ಕೂತವರು ಕಳಿಸುತ್ತಲೇ ಇರಲಿಲ್ಲ, ಪ್ರವಾಸವಿದ್ದದ್ದರಿಂದಲೇ ಹಣ ಹುಟ್ಟಿತು ಎಂಬ ಆಕ್ಷೇಪವೂ ಬರುತ್ತದೆ. ಆಕ್ಷೇಪದಲ್ಲಿ ವಾಸ್ತವವಿದೆ: ಜನ ಪ್ರವಾಸಕ್ಕೆ ಕೊಡುತ್ತಾರೆ, ಸಿಮೆಂಟಿಗೆ ಕೊಡುವುದಿಲ್ಲ. ಆದರೆ ಅದನ್ನು ಒಪ್ಪಿಕೊಂಡ ಕೂಡಲೇ ಮೊದಲಿನ ಸಮರ್ಥನೆ ಕುಸಿಯುತ್ತದೆ. ಹೋಗಲು ಅವಕಾಶವಿದ್ದರೆ ಮಾತ್ರ ಹುಟ್ಟುವ, ಹೋಗುವವರ ಅನುಭವಕ್ಕೇ ಬಹುಪಾಲು ಖರ್ಚಾಗುವ ಹಣವನ್ನು ಬಡವರ ಸೇವೆಯ ಹಣ ಎನ್ನಲು ಯಾವ ಆಧಾರವಿದೆ? ಅದನ್ನು ಶಿಕ್ಷಣದ ಖರ್ಚು ಎನ್ನಬಹುದು, ತೀರ್ಥಯಾತ್ರೆಯ ಖರ್ಚು ಎನ್ನಬಹುದು. ಎರಡೂ ಗೌರವದ ಸಂಗತಿಗಳೇ. ಯೆರೂಸಲೇಮಿಗೋ ಸಂತಿಯಾಗೊಗೋ ನಡೆದುಹೋಗುವ ಯಾತ್ರಿಕ ತನ್ನ ಆತ್ಮದ ಸಲುವಾಗಿ ಹೋಗುತ್ತೇನೆಂದು ನೇರವಾಗಿ ಹೇಳುತ್ತಾನೆ. ದಾರಿಯ ಊರಿನವರಿಗೆ ಉಪಕಾರ ಮಾಡುತ್ತಿದ್ದೇನೆಂಬ ಸೋಗು ಅವನಿಗೆ ಬೇಕಾಗಿಲ್ಲ. ಮಿಷನ್ ಪ್ರವಾಸದಲ್ಲಿ ಕಲಿಯುವವನು ಕಲಿಸುವವನ ವೇಷದಲ್ಲಿ, ಪಡೆಯುವವನು ಕೊಡುವವನ ವೇಷದಲ್ಲಿ ಹೋಗುತ್ತಾನೆ. ಬಡವರ ಬದುಕು ಅವನ ಆತ್ಮವಿಕಾಸದ ಪಾಠಶಾಲೆಯಾಗುತ್ತದೆ, ಆ ಪಾಠಶಾಲೆಗೆ ಅವರು ಶುಲ್ಕ ಕೇಳುವಂತೆಯೂ ಇಲ್ಲ, ಮೇಲಿಂದ ಕೃತಜ್ಞತೆ ಬೇರೆ ತೋರಿಸಬೇಕು. ಮತ್ತಾಯನ ಸುವಾರ್ತೆಯ ಕೊನೆಯ ನ್ಯಾಯತೀರ್ಪಿನ ಚಿತ್ರದಲ್ಲಿ ಹಸಿದವರಿಗೆ ಉಣಿಸಿದ ನೀತಿವಂತರಿಗೆ ತಾವು ಯಾರಿಗೆ ಉಣಿಸಿದೆವೆಂಬುದೇ ಗೊತ್ತಿರುವುದಿಲ್ಲ. ಯಾವಾಗ ಹಾಗೆ ಮಾಡಿದೆವೆಂದು ಅವರು ಬೆರಗಾಗಿ ಕೇಳುತ್ತಾರೆ. ಅವರ ಕಣ್ಣಿದ್ದದ್ದು ಹಸಿದವನ ಮೇಲೆ, ತಮ್ಮ ಅನುಭವದ ಮೇಲಲ್ಲ. ಅನುಭವವನ್ನೇ ಗುರಿಯಾಗಿಸಿಕೊಂಡು ಹೊರಟ ಸೇವೆ ಆ ಬೆರಗನ್ನು ಮೊದಲೇ ಕಳೆದುಕೊಂಡಿರುತ್ತದೆ.

ಇಲ್ಲಿಯವರೆಗಿನ ವಾದಕ್ಕೆ ಬರಬಹುದಾದ ಅತಿ ಗಟ್ಟಿ ಆಕ್ಷೇಪ ಹಣದ್ದಲ್ಲ, ಸುವಾರ್ತೆಗಳಲ್ಲಿ ಬರುವ ಬೆಥಾನ್ಯ ಎಂಬ ಊರಿನ ಪ್ರಸಂಗದ್ದು. ಅಲ್ಲಿ ಒಬ್ಬ ಹೆಂಗಸು ಬೆಲೆಬಾಳುವ ಸುಗಂಧ ತೈಲದ ಭರಣಿಯನ್ನು ಒಡೆದು ಯೇಸುವಿನ ತಲೆಯ ಮೇಲೆ ಸುರಿದಳು. ಮುನ್ನೂರು ದೀನಾರಿಗೆ ಮಾರಿ ಬಡವರಿಗೆ ಹಂಚಬಹುದಿತ್ತಲ್ಲ ಎಂದು ಕೂತವರು ಗೊಣಗಿದರು. ಲೆಕ್ಕ ಸರಿಯಾಗಿಯೇ ಇತ್ತು, ಒಂದು ದೀನಾರಿ ಒಬ್ಬ ಕೂಲಿಯವನ ಒಂದು ದಿನದ ಸಂಬಳ. ಯೇಸು ಮಾತ್ರ ಆಕೆಯ ಪರ ನಿಂತ. ಹಾಗಾದರೆ 30,000 ಡಾಲರಿನ ಮನೆಯನ್ನು ಟೀಕಿಸುವವರು ಆ ಗೊಣಗಿದವರ ಸಾಲಿನಲ್ಲಿ ನಿಲ್ಲುವುದಿಲ್ಲವೇ? ಪ್ರಸಂಗವನ್ನು ಗಮನವಿಟ್ಟು ನೋಡಿದರೆ ಹಾಗಲ್ಲವೆಂದು ತಿಳಿಯುತ್ತದೆ. ಆಕೆ ತೈಲ ಸುರಿದದ್ದನ್ನು ಬಡವರ ಸೇವೆ ಎಂದು ಕರೆಯಲಿಲ್ಲ, ಆ ಸೇವೆಯ ಹೆಸರಿನಲ್ಲಿ ಯಾರಿಂದಲೂ ದುಡ್ಡು ಎತ್ತಲಿಲ್ಲ. ಅದು ಆರಾಧನೆ. ಬಡವರು ಯಾವಾಗಲೂ ನಿಮ್ಮ ಸಂಗಡ ಇರುತ್ತಾರೆ, ಮನಸ್ಸು ಬಂದಾಗ ಅವರಿಗೆ ಉಪಕಾರ ಮಾಡಬಹುದು ಎಂಬ ಅರ್ಥದ ಉತ್ತರದಲ್ಲೇ ಎರಡನ್ನೂ ಬೇರೆಬೇರೆಯಾಗಿ ಇಡಲಾಗಿದೆ. ಆರಾಧನೆಯಲ್ಲಿ ದುಂದಿಗೆ ಸ್ಥಳವಿದೆ, ಏಕೆಂದರೆ ಅಲ್ಲಿ ಪಡೆಯುವವನಿಗೆ ಕೊರತೆಯಿಲ್ಲ. ಹಸಿದವನ ಮುಂದೆ ದುಂದಿಗೆ ಆ ರಕ್ಷಣೆ ಇಲ್ಲ. ಬಡವನಲ್ಲೇ ಕ್ರಿಸ್ತನಿದ್ದಾನೆ, ಬಡವನ ಸೇವೆಯೇ ಆರಾಧನೆ ಎಂದು ಮತ್ತಾಯನ ಆಧಾರದಿಂದ ಮರುವಾದ ಹೂಡಬಹುದು. ಆಗಲೂ ತೈಲ ಬೀಳಬೇಕಾದದ್ದು ಬಡವನ ತಲೆಯ ಮೇಲೆ. ಈಗಿನ ಲೆಕ್ಕದಲ್ಲಿ ಅದರ ದೊಡ್ಡ ಪಾಲು ವಿಮಾನ ಕಂಪನಿಯ ತಲೆಯ ಮೇಲೆ ಬೀಳುತ್ತಿದೆ.

ಇನ್ನೊಂದು ಆಕ್ಷೇಪ ಜೊತೆಗಿರುವಿಕೆಯದು. ಹಣ ಕಳಿಸಿದರೆ ಮುಗಿಯಿತೇ, ಮನುಷ್ಯ ಮನುಷ್ಯನ ಬಳಿಗೆ ಹೋಗುವುದೇ ಒಂದು ಕಾಣಿಕೆಯಲ್ಲವೇ, ದೇವರು ಕೂಡ ದೂರದಿಂದ ನೆರವು ಕಳಿಸದೆ ಮನುಷ್ಯನಾಗಿ ಬಂದನೆಂಬುದಲ್ಲವೇ ಕ್ರೈಸ್ತ ಧರ್ಮದ ತಿರುಳು ಎಂದು ಸಮರ್ಥಕರು ಕೇಳುತ್ತಾರೆ. ಇದು ತೂಕದ ಮಾತು, ಬರಿಯ ಖರ್ಚಿನ ಪಟ್ಟಿಯಿಂದ ಇದಕ್ಕೆ ಉತ್ತರ ಕೊಡಲಾಗದು. ಆದರೆ ಈ ಹೋಲಿಕೆಯನ್ನು ಎತ್ತುವವರು ಅದನ್ನು ಪೂರ್ತಿ ಒಪ್ಪಿಕೊಳ್ಳಬೇಕಾಗುತ್ತದೆ. ಲೂಕನ ಪ್ರಕಾರ ಯೇಸು ಬೋಧನೆ ಆರಂಭಿಸಿದಾಗ ಅವನಿಗೆ ಸುಮಾರು ಮೂವತ್ತು ವರ್ಷ. ಅಷ್ಟು ಕಾಲ ನಜರೇತಿನಲ್ಲಿ ಆ ಊರಿನ ಮಾತಾಡುತ್ತಾ, ಆ ಊರಿನ ಕಸುಬು ಮಾಡುತ್ತಾ ಇದ್ದವನು ಅವನು. ಜೊತೆಗಿರುವುದಕ್ಕೆ ಭಾಷೆ ಬೇಕು, ಕಾಲ ಬೇಕು, ಹೋದ ಊರಿನ ಕಷ್ಟದಿಂದ ತಪ್ಪಿಸಿಕೊಳ್ಳಲಾಗದ ಸ್ಥಿತಿ ಬೇಕು. ಕನ್ನಡ ನಾಡಿನಲ್ಲಿ ಇದಕ್ಕೆ ದೊಡ್ಡ ಉದಾಹರಣೆ ಕಣ್ಣ ಮುಂದೆಯೇ ಇದೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರು ಮೊದಲು ಕೂತದ್ದು ಭಾಷೆ ಕಲಿಯಲು. ಹರ್ಮನ್ ಮೋಗ್ಲಿಂಗ್ 1843ರಲ್ಲಿ ಮಂಗಳೂರ ಸಮಾಚಾರವನ್ನು ಹೊರತಂದದ್ದು, 1853ರಲ್ಲಿ ಬಂದ ಫರ್ಡಿನೆಂಡ್ ಕಿಟ್ಟೆಲ್‌ರ ನಿಘಂಟು 1894ರಲ್ಲಿ ಅಚ್ಚಾದದ್ದು ಹತ್ತು ದಿನದ ಪ್ರವಾಸದಿಂದ ಆಗುವ ಕೆಲಸವಲ್ಲ. ಮತಾಂತರಗೊಂಡವರು ಜಾತಿಯಿಂದಲೂ ಕುಲಕಸುಬಿನಿಂದಲೂ ಹೊರಬಿದ್ದಾಗ ಅವರ ಹೊಟ್ಟೆಪಾಡಿನ ಹೊಣೆ ಮಿಷನ್ನಿನ ಮೇಲೆಯೇ ಬಂತು. ನೇಯ್ಗೆ ಕಾರ್ಖಾನೆ, 1865ರ ಹಂಚಿನ ಕಾರ್ಖಾನೆ ಹುಟ್ಟಿದ್ದಕ್ಕೆ ಆ ಒತ್ತಡವೂ ಒಂದು ಕಾರಣ. ಅವರ ಉದ್ದೇಶ ಮತಪ್ರಚಾರವೇ ಆಗಿತ್ತು, ಅವರ ವಿಚಾರಗಳಲ್ಲಿ ಟೀಕಿಸಬೇಕಾದದ್ದು ಬೇಕಾದಷ್ಟಿದೆ. ಇಲ್ಲಿ ಪ್ರಸ್ತುತವಾಗುವುದು ಒಂದೇ ಅಂಶ: ತಾವು ಮಾಡಿದ್ದರ ಪರಿಣಾಮವನ್ನು ಅವರು ಅದೇ ಊರಿನಲ್ಲಿ ಇದ್ದು ಅನುಭವಿಸಬೇಕಾಯಿತು. ಎರಡನೇ ಶನಿವಾರ ವಿಮಾನ ಹತ್ತುವವರಿಗೆ ಆ ಅನಿವಾರ್ಯತೆ ಇಲ್ಲ. ಅವರು ಬಿಟ್ಟುಹೋದದ್ದನ್ನು ಸರಿಪಡಿಸುವವರು ಊರಿನವರು.

ಪ್ರವಾಸಕ್ಕೆ ಹೊರಡುವವರು ಆಧಾರವಾಗಿ ಹಿಡಿಯುವ ಲೂಕನ ಹತ್ತನೆಯ ಅಧ್ಯಾಯ ಕೂಡ ಅವರ ಪದ್ಧತಿಗೆ ವಿರುದ್ಧವಾಗಿ ಸಾಕ್ಷಿ ಹೇಳುತ್ತದೆ. ಅಲ್ಲಿ ಯೇಸು ಎಪ್ಪತ್ತು ಮಂದಿಯನ್ನು (ಕೆಲವು ಹಸ್ತಪ್ರತಿಗಳಲ್ಲಿ ಎಪ್ಪತ್ತೆರಡು) ಊರೂರಿಗೆ ಕಳಿಸುವಾಗ ಹಣದ ಚೀಲ ಬೇಡ, ಜೋಳಿಗೆ ಬೇಡ, ಕೆರ ಬೇಡ ಎನ್ನುತ್ತಾನೆ. ಒಳಗೆ ಕರೆದ ಮನೆಯಲ್ಲೇ ಉಳಿದು ಇಟ್ಟದ್ದನ್ನು ಉಣ್ಣಬೇಕು. ಅವರು ರೋಗಿಗಳನ್ನು ಗುಣಪಡಿಸಿದರು ನಿಜ, ಆದರೆ ಹೋದದ್ದು ಆತಿಥ್ಯಕ್ಕೆ ಕೈಯೊಡ್ಡುವ ಪರದೇಶಿಗಳಾಗಿ. ಬೇಡವೆಂದು ಬಾಗಿಲು ಹಾಕುವ ಅಧಿಕಾರ ಊರಿನವರ ಕೈಯಲ್ಲಿತ್ತು, ಹಾಗೆ ಹಾಕಿದರೆ ಕಾಲಿನ ಧೂಳು ಝಾಡಿಸಿ ಮುಂದೆ ಹೋಗಬೇಕಿತ್ತು. ಈಗಿನ ತಂಡ ಬರುವುದು ಪೆಟ್ಟಿಗೆಗಟ್ಟಲೆ ಉಡುಗೊರೆ, ತನ್ನದೇ ಕುಡಿಯುವ ನೀರು, ತನ್ನದೇ ಕಾರ್ಯಕ್ರಮಪಟ್ಟಿಯೊಂದಿಗೆ. ಅದೇ ಅಧ್ಯಾಯದ ಒಳ್ಳೆಯ ಸಮಾರ್ಯದವನ ಕತೆಯೂ ಇಷ್ಟೇ ಪಾಠ ಹೇಳುತ್ತದೆ. ಅವನು ಗಾಯಗೊಂಡವರನ್ನು ಹುಡುಕಿಕೊಂಡು ಹೊರಟವನಲ್ಲ. ತನ್ನ ಕೆಲಸದ ಮೇಲೆ ಹೋಗುತ್ತಿದ್ದವನಿಗೆ ದಾರಿಯಲ್ಲಿ ಬಿದ್ದವನು ಸಿಕ್ಕಿದ. ಬೇರೆ ಯಾರೂ ಇಲ್ಲದ ಕಡೆ ತಾನೇ ಎಣ್ಣೆ, ದ್ರಾಕ್ಷಾರಸ ಹೊಯ್ದು ಗಾಯ ಕಟ್ಟಿದ; ಛತ್ರ ಸಿಕ್ಕಿದ ಮೇಲೆ ಒಂದು ರಾತ್ರಿ ಆರೈಕೆ ಮಾಡಿ, ಮರುದಿನ ಎರಡು ದೀನಾರಿಗಳನ್ನು ಛತ್ರದವನ ಕೈಗಿತ್ತು, ಹೆಚ್ಚು ಖರ್ಚಾದರೆ ಹಿಂದಿರುಗುವಾಗ ಕೊಡುತ್ತೇನೆಂದು ಹೇಳಿ ತನ್ನ ದಾರಿ ಹಿಡಿದ. ಅಲ್ಲೇ ಇರುವವನಿಗೆ, ಅದೇ ಕಸುಬಿನವನಿಗೆ ಕೆಲಸ ವಹಿಸಿ ದುಡ್ಡಿನ ಹೊಣೆ ತಾನು ಹೊತ್ತ. ಹೊಂಡುರಾಸಿನ ಸ್ಥಳೀಯ ಸಂಸ್ಥೆಗೆ ಹಣ ಕಳಿಸಿದವರು ಮಾಡಿದ್ದೂ ಹೆಚ್ಚುಕಡಿಮೆ ಇದನ್ನೇ.

ಫಲದ ಪ್ರಶ್ನೆಯನ್ನು ಬದಿಗಿಟ್ಟಾಗ ಆಗುವುದು ಹಣದ ನಷ್ಟ ಮಾತ್ರವಲ್ಲ. 2010ರ ಜನವರಿ 12ರ ಭೂಕಂಪದ ನಂತರ ಹೈಟಿಯಲ್ಲಿ, ಅಮೆರಿಕದ ಸಭೆಗಳಿಂದ ಹೋಗಿದ್ದ ಹತ್ತು ಮಂದಿಯ ತಂಡವೊಂದು 33 ಮಕ್ಕಳನ್ನು ಸರಿಯಾದ ಕಾಗದಪತ್ರಗಳಿಲ್ಲದೆ ಗಡಿ ದಾಟಿಸಿ ಡೊಮಿನಿಕನ್ ಗಣರಾಜ್ಯಕ್ಕೆ ಕರೆದೊಯ್ಯುವಾಗ ಸಿಕ್ಕಿಬಿತ್ತು. ಅನಾಥ ಮಕ್ಕಳನ್ನು ಕಾಪಾಡುತ್ತಿದ್ದೇವೆಂಬುದು ತಂಡದ ಹೇಳಿಕೆಯಾಗಿತ್ತು. ಆ ಮಕ್ಕಳಿಗೆ ಹೆತ್ತವರಿದ್ದರೆಂಬುದು ಆಮೇಲೆ ತಿಳಿಯಿತು. ಇದು ಎದ್ದು ಕಾಣುವ ಪ್ರಕರಣ. ಸದ್ದಿಲ್ಲದೆ ನಡೆಯುವುದು ಅನಾಥಾಲಯಗಳ ಭೇಟಿ. ಕಾಂಬೋಡಿಯದ ಅನಾಥಾಲಯಗಳಲ್ಲಿದ್ದ ಮಕ್ಕಳಲ್ಲಿ ಸುಮಾರು ಮುಕ್ಕಾಲು ಪಾಲಿಗೆ ತಾಯಿಯೋ ತಂದೆಯೋ ಬದುಕಿದ್ದಾರೆಂದು ಯುನಿಸೆಫ್ ಕಂಡುಕೊಂಡಿತ್ತು. ಹೊರಗಿನಿಂದ ಬರುವವರಿಗೆ ಅನಾಥರು ಬೇಕು, ಅವರೊಡನೆ ಹಣ ಬರುತ್ತದೆ. ಬಡ ಹೆತ್ತವರಿಂದ ಮಕ್ಕಳನ್ನು ತಂದು ಸೇರಿಸುವವರು ಹುಟ್ಟಿಕೊಳ್ಳುತ್ತಾರೆ. ಆಧುನಿಕ ಗುಲಾಮಗಿರಿಯನ್ನು ಕುರಿತ ಆಸ್ಟ್ರೇಲಿಯಾ ಸಂಸತ್ತಿನ ವಿಚಾರಣೆ 2017ರಲ್ಲಿ ಈ ವ್ಯವಹಾರವನ್ನೂ ಪರಿಶೀಲಿಸಿತು. ವಾರಕ್ಕೊಂದು ತಂಡ ಬಂದು ಮುದ್ದಾಡಿ ಅತ್ತು ಹೋಗುವ ಜಾಗದಲ್ಲಿ ಬೆಳೆಯುವ ಮಗುವಿಗೆ ಆಗುವ ಪೆಟ್ಟು ಬೇರೆ. ಬಂದವರೆಲ್ಲ ಪ್ರೀತಿಯಿಂದಲೇ ಬಂದವರು. ಬೇಡಿಕೆ ಹುಟ್ಟಿಸಿದ್ದೂ ಆ ಪ್ರೀತಿಯೇ.

ಇದರಿಂದ ಅಲ್ಪಕಾಲದ ಪ್ರವಾಸವೆಲ್ಲ ವ್ಯರ್ಥವೆಂದು ಹೇಳಿದಂತಾಗುವುದಿಲ್ಲ. 1978ರಲ್ಲಿ ಆರಂಭವಾದ ಮರ್ಸಿ ಶಿಪ್ಸ್ ಎಂಬ ಕ್ರೈಸ್ತ ಸಂಸ್ಥೆಯ ಆಸ್ಪತ್ರೆ ಹಡಗುಗಳಲ್ಲಿ ಕೆಲಸ ಮಾಡುವ ಶಸ್ತ್ರವೈದ್ಯರಲ್ಲಿ ಅನೇಕರು ಕೆಲವೇ ವಾರಗಳಿಗೆ ಬರುವವರು. ಆದರೂ ಅವರ ಭೇಟಿ ಮೇಲಿನ ಟೀಕೆಗೆ ಸಿಗುವುದಿಲ್ಲ. ಮುಖದ ಗಡ್ಡೆ ತೆಗೆಯುವ, ಸೀಳುತುಟಿ ಹೊಲಿಯುವ ಕೌಶಲ ಆ ಊರಿನಲ್ಲಿ ಸುಲಭವಾಗಿ ಸಿಗದು. ಒಂದು ಶಸ್ತ್ರಚಿಕಿತ್ಸೆ ಒಂದು ಭೇಟಿಯಲ್ಲಿ ಮುಗಿಯುವ ಕೆಲಸ. ವೈದ್ಯ ಹೋದರೂ ಹಡಗು ತಿಂಗಳುಗಟ್ಟಲೆ ಬಂದರಿನಲ್ಲಿ ನಿಂತಿರುತ್ತದೆ, ಸ್ಥಳೀಯ ವೈದ್ಯರಿಗೆ ತರಬೇತಿಯೂ ನಡೆಯುತ್ತದೆ. ಇಟ್ಟಿಗೆ ಹೊರುವುದು, ಬಣ್ಣ ಬಳಿಯುವುದು ಹಾಗಲ್ಲ. ಕೂಲಿ ಸಿಗದೆ ಕೂತ ಗಾರೆಯವರು ತುಂಬಿರುವ ಊರಿಗೆ ಪುಕ್ಕಟೆ ಗಾರೆ ಕೆಲಸವನ್ನು ವಿಮಾನದಲ್ಲಿ ತರುವುದು ಅವರ ಅನ್ನ ಕಿತ್ತುಕೊಳ್ಳುವುದು.

ಎದುರು ಬದಿಯಲ್ಲಿ ಇನ್ನೊಂದು ಗೊಂದಲವಿದೆ, ಭಾರತದಲ್ಲಿ ಹೆಚ್ಚಾಗಿ ಕೇಳಿಬರುವುದು ಅದೇ: ಕ್ರೈಸ್ತರ ಸೇವೆಯೆಲ್ಲ ಮತಾಂತರದ ಗಾಳ. ಆಸ್ಪತ್ರೆ, ಶಾಲೆಗಳನ್ನು ಮತಾಂತರಕ್ಕೆ ಸಾಧನ ಮಾಡಿಕೊಳ್ಳುವುದನ್ನು ಗಾಂಧೀಜಿ ಮತ್ತೆಮತ್ತೆ ಆಕ್ಷೇಪಿಸಿದ್ದರು. ಸೇವೆ ಸೇವೆಗಾಗಿಯೇ ಇರಲಿ ಎಂಬುದು ಅವರ ನಿಲುವು. ಆಕ್ಷೇಪಕ್ಕೆ ಆಧಾರವಿಲ್ಲದಿಲ್ಲ. ಆದರೆ ನಂಬಿಕೆಯಿಂದ ಹುಟ್ಟಿದ ಸೇವೆ ಗಾಳವೇ ಆಗಿರಬೇಕೆಂಬ ತೀರ್ಮಾನ ಅದರಿಂದ ಹೊರಡುವುದಿಲ್ಲ. ಕೆಲಸದ ಪ್ರೇರಣೆ ಬೇರೆ, ಕೆಲಸಕ್ಕೆ ಹಾಕುವ ಷರತ್ತು ಬೇರೆ. ಪ್ರೇರಣೆ ಏನೆಂದು ಹೊರಗಿನವರು ನೋಡಲಾರರು. ಷರತ್ತು ಕಣ್ಣಿಗೆ ಕಾಣುತ್ತದೆ. ಬೋಧನೆ ಕೇಳದವನಿಗೂ ಔಷಧ ಸಿಗುತ್ತದೆಯೇ, ಪ್ರಾರ್ಥನೆಗೆ ಬಾರದ ಮನೆಯ ಮಗುವಿಗೂ ಶಾಲೆಯ ಬಾಗಿಲು ತೆರೆದಿದೆಯೇ ಎಂದು ಕೇಳಿದರೆ ಸಾಕು. ಲೂಕನ ಹದಿನೇಳನೆಯ ಅಧ್ಯಾಯದಲ್ಲಿ ಯೇಸು ಹತ್ತು ಮಂದಿ ಕುಷ್ಠರೋಗಿಗಳನ್ನು ಗುಣಪಡಿಸಿದ; ಕೃತಜ್ಞತೆ ಹೇಳಲು ಮರಳಿ ಬಂದವನು ಒಬ್ಬನೇ. ಉಳಿದ ಒಂಬತ್ತು ಮಂದಿ ಎಲ್ಲಿ ಎಂದು ಕೇಳಿದ, ಆದರೆ ಅವರ ರೋಗವನ್ನು ಹಿಂದಿರುಗಿಸಲಿಲ್ಲ. ಇವಾಂಜೆಲಿಕಲ್ ಸಭೆಗಳ ನಾಯಕರ 1974ರ ಲೊಸಾನ್ ಒಡಂಬಡಿಕೆ ಸುವಾರ್ತೆ ಸಾರುವುದು, ಸಾಮಾಜಿಕ ಹೊಣೆ ಎರಡೂ ಕ್ರೈಸ್ತ ಕರ್ತವ್ಯವೆಂದು ಒಪ್ಪಿತು. ಒಂದನ್ನು ಇನ್ನೊಂದಕ್ಕೆ ಬೆಲೆಯಾಗಿ ಇಡಬಹುದೆಂದು ಅದು ಹೇಳುವುದಿಲ್ಲ. ಇದರ ಜೊತೆಗೆ ಭಾರತಕ್ಕೆ ಬರುವವರಿಗೆ ಸರಳವಾದ ಇನ್ನೊಂದು ಪರೀಕ್ಷೆಯಿದೆ. ಇಲ್ಲಿ ಮಿಷನರಿಗಳಿಗೆಂದು ವೀಸಾ ಬೇರೆಯೇ ಇದೆ, ಪ್ರವಾಸಿ ವೀಸಾದ ಮೇಲೆ ಧರ್ಮಪ್ರಚಾರ ಮಾಡುವಂತಿಲ್ಲ. ಅರ್ಜಿಯಲ್ಲಿ ಪ್ರವಾಸಿ ಎಂದು ಬರೆದು ಸಭೆಯಲ್ಲಿ ಸೇವಕ ಎಂದು ಹೇಳಿಕೊಳ್ಳುವವರು ನಂಬಿಕೆಯನ್ನು ಸುಳ್ಳಿನ ಮೂಲಕ ತೋರಿಸಲು ಹೊರಟಿದ್ದಾರೆ.

ಈ ಟೀಕೆಗಳು ಹೊಸವಲ್ಲ, ಬಹುಪಾಲು ಸಭೆಗಳ ಒಳಗಿನಿಂದಲೇ ಬಂದವು. ಪಾದ್ರಿಯಾಗಿದ್ದ ಇವಾನ್ ಇಲಿಚ್ 1968ರಲ್ಲೇ ಮೆಕ್ಸಿಕೊದಲ್ಲಿ ಸೇವೆ ಮಾಡಲು ಹೊರಟ ಅಮೆರಿಕನ್ ವಿದ್ಯಾರ್ಥಿಗಳಿಗೆ, ನೋಡಲು ಬನ್ನಿ, ಕಲಿಯಲು ಬನ್ನಿ, ಉಪಕಾರ ಮಾಡಲು ಬರಬೇಡಿ ಎಂಬರ್ಥದ ಕಟು ಭಾಷಣ ಮಾಡಿದ್ದ. 2003ರಲ್ಲಿ ಅಮೆರಿಕದ ಹಲವು ಮಿಷನ್ ಸಂಸ್ಥೆಗಳು ಸೇರಿ ಅಲ್ಪಕಾಲದ ಪ್ರವಾಸಗಳಿಗೆ ಏಳು ಮಾನದಂಡಗಳನ್ನು ರೂಪಿಸಿದವು. ಯೋಜನೆಯನ್ನು ಕಳಿಸುವವರೂ ಬರಮಾಡಿಕೊಳ್ಳುವವರೂ ಸೇರಿ ರೂಪಿಸಬೇಕೆಂಬುದು ಅವುಗಳಲ್ಲೊಂದು. ಕಾಗದದ ಮೇಲೆ ಇದು ಸರಿಯಾದ ದಿಕ್ಕು. ಆಚರಣೆಯಲ್ಲಿ ತೊಡಕಾಗುವುದು ಒಂದೇ ಕಡೆ. ಬರಮಾಡಿಕೊಳ್ಳುವ ಊರಿನ ಪಾಸ್ಟರಿಗೆ ವರ್ಷವಿಡೀ ಬರುವ ಹಣ, ಬೇಸಿಗೆಯಲ್ಲಿ ಬರುವ ತಂಡಕ್ಕೆ ಗಂಟು ಹಾಕಿಕೊಂಡಿರುತ್ತದೆ. ಈ ಸಲ ಬರಬೇಡಿ, ಹೋದ ಸಲ ಬಳಿದ ಗೋಡೆಗೆ ಮತ್ತೆ ಬಣ್ಣ ಬೇಕಿಲ್ಲ, ಬೇಕಾದದ್ದು ದಾದಿಯೊಬ್ಬಳ ಸಂಬಳ ಎಂದು ಹೇಳಿದರೆ ತಂಡದ ಜೊತೆ ಹಣವೂ ನಿಲ್ಲುತ್ತದೆಂಬ ಭಯ ಅವನಿಗಿದೆ. ಆದ್ದರಿಂದ ಅವನು ನಗುತ್ತಾ ಬನ್ನಿ ಎನ್ನುತ್ತಾನೆ, ತಂಡ ಅದನ್ನು ಆಹ್ವಾನವೆಂದು ತಿಳಿಯುತ್ತದೆ. ಈ ಗಂಟು ಬಿಚ್ಚದೆ ಉಳಿದ ಮಾನದಂಡಗಳೆಲ್ಲ ಶಿಷ್ಟಾಚಾರವಾಗಿ ಉಳಿಯುತ್ತವೆ. ಬಿಚ್ಚುವುದು ಕಷ್ಟವೂ ಅಲ್ಲ: ಪ್ರವಾಸ ನಡೆಯಲಿ ಬಿಡಲಿ, ಊರಿಗೆ ಸಲ್ಲುವ ಹಣ ಸಲ್ಲುತ್ತದೆಂದು ಸಭೆ ಮೊದಲೇ ಬರೆದುಕೊಡಬೇಕು, ಯಾರು ಬರಬೇಕು, ಯಾವಾಗ, ಯಾವ ಕೆಲಸಕ್ಕೆ ಎಂಬುದನ್ನು ಊರಿನವರು ಆಮೇಲೆ ಹೇಳಬೇಕು. ಹಾಗೆ ಮಾಡಿದರೆ ಪ್ರವಾಸಗಳ ಸಂಖ್ಯೆ ಇಳಿಯುವುದು ಬಹುಮಟ್ಟಿಗೆ ಖಚಿತ. ಇಳಿದ ಮೇಲೂ ಯಾವ ಊರಿನಿಂದ ಕರೆ ಬರುತ್ತದೋ ಅಲ್ಲಿಗೆ ಹೋಗಲು ಮೇಲಿನ ಯಾವ ವಾದವೂ ಅಡ್ಡ ಬರುವುದಿಲ್ಲ.